ಮಠಕ್ಕೆ ಕೊಟ್ಟ ಕ್ಯಾನುಗಳು

ವೃಷಭೇಂದ್ರಪ್ಪನವರ ಮನೆಯಲ್ಲಿ ಯಾವುದನ್ನೂ ಎಸೆದ ಚರಿತ್ರೆಯಿಲ್ಲ, ಕೊಡುತ್ತಿದ್ದರು. ಹಿಂದಿನ ದಿನದ ಅನ್ನ, ಅಂಚು ಹರಿದ ಟವೆಲು, ಹಿಡಿ ಮುರಿದ ಬಾಣಲೆ, ಮೊಮ್ಮಗಳು ಲಾಸ್ಯಳಿಗೆ ಗಿಡ್ಡವಾದ ಚೂಡಿದಾರ, ಎಲ್ಲಕ್ಕೂ ಈ ಲೋಕದಲ್ಲಿ ಎಲ್ಲೋ ಒಬ್ಬರು ಕೈಯೊಡ್ಡಿ ಕಾದಿರುತ್ತಾರೆಂಬುದು ಆ ಹಿರಿಯರ ನಂಬಿಕೆ. ಎಪ್ಪತ್ತೆಂಟು ವರ್ಷದಲ್ಲಿ ಅದು ಒಂದು ಸಲವೂ ಹುಸಿಯಾಗಿರಲಿಲ್ಲ. ಹಾಗೆ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಹೋಗಿದ್ದು ಮಂಗಳಮ್ಮನ ಮನೆಗೆ.

ಕಡಕೊಳದಿಂದ ಎರಡು ಕಿಲೋಮೀಟರು ಒಳಗೆ ಅವರದೊಂದು ಡೈರಿ ಫಾರಂ ಇತ್ತು. ಇಪ್ಪತ್ತೆರಡು ಹಸು, ಹಾಲು ಕರೆಯುವ ಮಿಷನ್ನು, ಹಾಲಿಗೆಂದೇ ಒಂದು ಕೋಣೆ. ಮಗ ಅಮರೇಶ್ ಹತ್ತಿರದ ಫ್ಯಾಕ್ಟರಿಯೊಂದರಲ್ಲಿ ಸ್ಟೋರು ನೋಡಿಕೊಳ್ಳಲು ಸೇರಿದ್ದರಿಂದ ಫಾರಮ್ಮಿನ ಕೆಲಸ ಸೊಸೆ ಪ್ರೇಮಲೀಲಾಳ ತಲೆಗೆ ಬಿತ್ತು. ಅವಳ ಜೊತೆಗೆ ಕೂಲಿಗೆ ಬರುತ್ತಿದ್ದ ಮಂಗಳಮ್ಮ. ಹದಿನಾರು ವರ್ಷ ಇಬ್ಬರೂ ಒಂದೇ ಕೊಟ್ಟಿಗೆಯ ಸಗಣಿ ಬಾಚಿದರು, ಒಂದೇ ಪಾತ್ರೆಯ ಟೀ ಕುಡಿದರು. ಲೋಟ ಮಾತ್ರ ಬೇರೆ ಬೇರೆ.

ಮಿಷನ್ನಿಗೆ ದಿನಕ್ಕೆರಡು ಸ್ನಾನ. ನೀಲಿ ಕ್ಯಾನಿನದು ಕ್ಲೋರಿನ್ ಬೆರೆತ ಸೋಡದಂಥ ನೀರು, ಹಾಲಿನ ಜಿಡ್ಡು ಬಿಡಿಸುವುದಕ್ಕೆ. ಕೆಂಪು ಕ್ಯಾನಿನದು ಆಸಿಡ್ಡು, ಕೊಳವೆಯೊಳಗೆ ಗಟ್ಟಿ ಕೂತ ಬಿಳಿ ಪದರವನ್ನು ಕರಗಿಸುವುದಕ್ಕೆ, ವಾರಕ್ಕೆರಡು ಸಲ. ಎರಡರ ನಡುವೆ ತಣ್ಣೀರು ಧಾರಾಳವಾಗಿ ಹರಿಯಬೇಕು. ಮಿಷನ್ನು ಕೂರಿಸಿಕೊಟ್ಟ ಕಂಪನಿಯವನು ಮೊದಲ ದಿನವೇ ಹೇಳಿದ್ದ. "ಅಕ್ಕ, ಇವೆರಡು ಒಂದಕ್ಕೊಂದು ಸೇರಬಾರ್ದು. ಸೇರಿದ್ರೆ ಬರೋ ಗಾಳಿ ಕುಡಿದ್ರೆ ನೀವು ಉಳಿಯಲ್ಲ." ಒಂದೇ ಒಂದು ಸಲ ಪ್ರೇಮಲೀಲಾ ನಡುವೆ ನೀರು ಬಿಡುವುದನ್ನು ಮರೆತಿದ್ದಳು. ಘಾಟು ಎದೆಗೆ ಬಡಿದು, ಕಣ್ಣು ಕತ್ತಲೆಗಟ್ಟಿ, ಬಾಗಿಲು ಯಾವ ಕಡೆ ಎಂಬುದೇ ತಿಳಿಯದೆ ನಿಂತವಳನ್ನು ರಟ್ಟೆ ಹಿಡಿದು ಹೊರಗೆಳೆದದ್ದು ಮಂಗಳಮ್ಮ. ಆವತ್ತಿನಿಂದ ಇಬ್ಬರೂ ಕೆಂಪು ಕ್ಯಾನನ್ನು ಒಂದು ಮೂಲೆಗೂ ನೀಲಿಯದನ್ನು ಇನ್ನೊಂದು ಮೂಲೆಗೂ ಇಡುತ್ತಿದ್ದರು.

ಮೇವಿನ ಬೆಲೆ ಏರಿ, ಆಳು ಸಿಗದೆ, ಪ್ರೇಮಲೀಲಾಳ ಸೊಂಟವೂ ಕೈಕೊಟ್ಟ ಮೇಲೆ ಹಸುಗಳನ್ನು ಮಾರಿ ಮನೆಮಂದಿಯೆಲ್ಲ ಪಟ್ಟಣದ ಕೆಸರೆ ಬಡಾವಣೆಗೆ ಬಂದರು. ಅದಾಗಿ ಏಳು ವರ್ಷ. ಮಂಗಳಮ್ಮನನ್ನು ವೃಷಭೇಂದ್ರಪ್ಪನವರೇ ಮಠಕ್ಕೆ ಹೇಳಿ ಅದರ ವಿದ್ಯಾರ್ಥಿನಿಲಯದಲ್ಲಿ ಬಚ್ಚಲು ತೊಳೆಯುವ ಕೆಲಸಕ್ಕೆ ಸೇರಿಸಿದ್ದರು. ಅದನ್ನು ಅವರು ಮರೆತಿರಲಿಲ್ಲ. ಇತರರಿಗೂ ಮರೆಯಲು ಬಿಡುತ್ತಿರಲಿಲ್ಲ.

ಈ ಡಿಸೆಂಬರಿನಲ್ಲಿ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನು ಶಾಮಿಯಾನದವರೊಬ್ಬರು ಸಾಮಾನು ಇಡಲು ಬಾಡಿಗೆಗೆ ಕೇಳಿದರು. ಜನವರಿ ಒಂದಕ್ಕೆ ಬಿಟ್ಟುಕೊಡಬೇಕು. ಭಾನುವಾರ ನಾಲ್ವರೂ ಹೋಗಿ ಗುಡಿಸಿದರು. ಹಾಲಿನ ಕೋಣೆಯಲ್ಲಿ, ಇಲಿ ಕಡಿದ ಹಿಂಡಿ ಚೀಲಗಳ ಹಿಂದೆ, ಒಂಬತ್ತು ಕ್ಯಾನು ಸಿಕ್ಕವು. ಐದು ಕೆಂಪು, ನಾಲ್ಕು ನೀಲಿ. ಚೀಟಿಗಳೆಲ್ಲ ಉದುರಿಹೋಗಿದ್ದವು. ಎರಡರ ಹೊಟ್ಟೆ ಉಬ್ಬಿತ್ತು. ಕೊನೆಯ ಆಯುಧಪೂಜೆಯಲ್ಲಿ ಬಳಿದ ವಿಭೂತಿಯ ಮೂರು ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು.

"ಯಾರೂ ಮುಟ್ಬೇಡಿ," ಅಂದಳು ಪ್ರೇಮಲೀಲಾ. ಒಂದೊಂದನ್ನೂ ತಾನೇ ಎತ್ತಿ ಕೆಂಪನ್ನು ಕಿಟಕಿಯ ಕಡೆಗೆ, ನೀಲಿಯನ್ನು ಬಾಗಿಲ ಕಡೆಗೆ ಸಾಲಾಗಿಟ್ಟಳು. ಏಳು ವರ್ಷದ ಮೇಲೂ ಕೈ ತಪ್ಪಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಮಾತು ಅದರ ಮೇಲೇ ಬಂತು. ಹುರುಳಿಕಾಳಿನ ಬಸ್ಸಾರು, ಮುದ್ದೆ. ವೃಷಭೇಂದ್ರಪ್ಪನವರು ಪೂಜೆ ಮುಗಿಸಿ ಬಂದು ಎಲ್ಲರಿಗಿಂತ ಮೊದಲು ಕೂತಿದ್ದರು.

"ಗಂಜಲದ ಗುಂಡಿಗೆ ಸುರಿದು ಮಣ್ಣು ಮುಚ್ಚಿದ್ರಾಯ್ತು. ಯಾರ್ ಕಣ್ಣಿಗೆ ಬೀಳುತ್ತೆ."

"ಪಕ್ಕದವರ ಬೋರ್‌ವೆಲ್ಲಿಗೆ ಬೀಳುತ್ತೆ ಮಾವ."

"ಇಷ್ಟು ವರ್ಷ ಮಿಷನ್ ತೊಳೆದ ನೀರು ಎಲ್ಲೋಯ್ತಮ್ಮ ಮತ್ತೆ. ಕಾಶಿಗಾ."

ಪ್ರೇಮಲೀಲಾ ಸಾರು ಬಡಿಸಿದಳು. ಲಾಸ್ಯ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು. "ಅದು ತೊಳೆದ ನೀರು ತಾತ. ಬಿಂದಿಗೆಗೆ ಒಂದು ಮುಚ್ಚಳ. ಇದು ಒಂಬತ್ತು ಕ್ಯಾನು. ನಾನು ಕಸದ ಗಾಡಿ ಅಕ್ಕನ್ನ ಫೋನ್ ಮಾಡಿ ಕೇಳ್ದೆ. ಒಂದು ಹನಿ ಇದ್ರೂ ಮುಟ್ಟಲ್ಲ ಅಂದ್ರು. ಯಾರೋ ಕವರಲ್ಲಿ ಕಟ್ಟಿ ಹಾಕಿ ಅವರ ಜೊತೆಯವರ ಕೈ ಸುಟ್ಟಿದ್ಯಂತೆ."

"ಕಸದವಳನ್ನ ಕೇಳಿ ಸಂಸಾರ ಮಾಡೋ ಕಾಲ ಬಂತು."

"ಕಸ ಅವರಿಗೇ ತಾನೇ ಗೊತ್ತಿರೋದು."

ಅಮರೇಶ್ ಮುದ್ದೆ ಮುರಿಯುತ್ತಾ ಮೆಲ್ಲಗೆ ಅಂದ. "ನಮ್ ಫ್ಯಾಕ್ಟರಿಗೆ ಇಂಥದ್ದನ್ನ ತಗೊಂಡೋಗೋಕೆ ಅಂತ್ಲೇ ಗಾಡಿ ಬರುತ್ತೆ. ಹರೀಶ್ ಅಂತ, ಸೇಫ್ಟಿ ಆಫೀಸರು, ಅವನೇ ನೋಡ್ಕೊಳ್ಳೋದು."

"ಹಂಗಾದ್ರೆ ನಾಳೇನೇ ಕೇಳ್ರೀ," ಅಂದಳು ಪ್ರೇಮಲೀಲಾ.

"ಕೇಳ್ತೀನಿ."

ವೃಷಭೇಂದ್ರಪ್ಪನವರು ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು. "ಒಳ್ಳೇ ಮಾಲು ಕಣಮ್ಮ. ನಾಲ್ಕೈದು ಸೀಲೂ ಒಡೆದಿಲ್ಲ. ಗಾಡೀಲಿ ತಗೊಂಡೋಗಿ ಸುಡೋದಕ್ಕಿಂತ ಯಾರಿಗಾದ್ರೂ ಕೊಟ್ರಾಯ್ತು. ತೊಳಕೊಳ್ಳೋರು ತೊಳಕೋತಾರೆ."

ಅಮರೇಶ್ ಮಜ್ಜಿಗೆಗೆ ಕೈ ಚಾಚಿದ. ಮನೆಯಲ್ಲಿ ಅವರು ದಿನಕ್ಕೆ ನಾಲ್ಕು ಸಲ ಆಡುವ ಮಾತು ಅದು.

ಬುಧವಾರ ಪ್ರೇಮಲೀಲಾ ಗಂಡನಿಗೆ ಬುತ್ತಿ ಕಟ್ಟಿಕೊಡುವಾಗ ಕೇಳಿದಳು. "ಹರೀಶ್ ಏನಂದ?"

"ಗಾಡಿ ಬಂದಾಗ ಹೇಳ್ತೀನಿ ಅಂದ."

ಮುಂದಿನ ಸೋಮವಾರ ಮತ್ತೆ ಕೇಳಿದಳು. "ಈ ವಾರ ಬರುತ್ತಂತೆ," ಅಂದ. ಅವನ ದನಿ ಎಂದಿನಂತೆಯೇ ಇತ್ತು. ಬುತ್ತಿಯ ಮುಚ್ಚಳವನ್ನು ಮಾತ್ರ ಎರಡೆರಡು ಸಲ ಒತ್ತಿ ನೋಡಿದ.

ಆ ಗುರುವಾರ ವೃಷಭೇಂದ್ರಪ್ಪನವರು ಬೆಳಗ್ಗೆಯೇ ಉಪ್ಪಿಟ್ಟು ತಿಂದು ಕಡಕೊಳದ ಬಸ್ಸು ಹತ್ತಿದರು. ಶಾಮಿಯಾನದವರಿಗೆ ಬೀಗ ತೋರಿಸಿ ಬರುತ್ತೇನೆ ಎಂದರು. ಶುಕ್ರವಾರವೂ ಹೋದರು. ಬಂದವರ ಕಣ್ಣು ಕೆಂಡದ ಹಾಗಿತ್ತು, ಗಂಟಲು ಕಟ್ಟಿತ್ತು. "ಧೂಳು," ಅಂದರು. ಪ್ರೇಮಲೀಲಾ ಮೆಣಸಿನ ಸಾರು ಮಾಡಿಕೊಟ್ಟಳು.

ಶನಿವಾರ ಅವರ ಪಂಚೆ ಹಿಂಡುವಾಗ ಬಟ್ಟೆ ಅವಳ ಕೈಯಲ್ಲೇ ಸೀಳಿಹೋಯಿತು. ಬಿಡಿಸಿ ಬಿಸಿಲಿಗೆ ಹಿಡಿದಳು. ಮೊಣಕಾಲ ಮಟ್ಟದಲ್ಲಿ ಸಾಸಿವೆ ಕಾಳಿನಷ್ಟು, ಕಡಲೆಯಷ್ಟು ತೂತುಗಳು. ಅಂಚು ಹಳದಿ. ಫಾರಮ್ಮಿನಲ್ಲಿ ಆಸಿಡ್ಡು ಸಿಡಿದು ಅವಳ ಎಷ್ಟು ಸೀರೆಗಳು ಹೀಗೇ ಹೋಗಿರಲಿಲ್ಲ.

"ಮಾವ, ಈ ಪಂಚೆ ಏನಾಯ್ತು?"

"ಹಳೇದು ಕಣಮ್ಮ. ಯಾರಿಗಾದ್ರೂ ಕೊಟ್ಬುಡು."

ದೀಪಾವಳಿಗೆ ತಂದ ಪಂಚೆ ಅದು. ಅವಳು ಒಳಗೆ ಬಂದು ಗಂಡನನ್ನು ಹಿಡಿದಳು. "ಮಾವ ಆ ಕ್ಯಾನು ಮುಟ್ಟಿದಾರೆ. ಗಾಡಿ ಬಂತಾ ಇಲ್ವಾ ಹೇಳಿ."

"ಬಂತು. ತಗೊಂಡೋಯ್ತು. ಅಪ್ಪ ಎತ್ತಿಕೊಡುವಾಗ ಚೆಲ್ಲಿಕೊಂಡಿರ್ಬೇಕು."

"ಎಲ್ಲಾನೂ ತಗೊಂಡೋಯ್ತಾ?"

"ಒಂದೂ ಇಲ್ಲ. ನಾನೇ ನೋಡ್ಕೊಂಡು ಬಂದೆ. ಇನ್ನು ಆ ಮಾತು ಬಿಡು."

ಅವಳು ಬಿಟ್ಟಳು. ಮನಸ್ಸು ಹಗುರಾಗಿ ಆವತ್ತು ಒಬ್ಬಟ್ಟಿಗೆ ಬೇಳೆ ಹಾಕಿದಳು.

ಪ್ರತಿ ಸೋಮವಾರ ಸಂಜೆ ಮಠದಲ್ಲಿ ಶರಣರ ವಚನ ಓದಿ ಅರ್ಥ ಹೇಳುತ್ತಾರೆ. ಪ್ರೇಮಲೀಲಾ ತಪ್ಪಿಸಿದವಳಲ್ಲ. ಅವಳ ತಂದೆ ಬೆಳಗಿನ ಜಾವ ಎದ್ದು ಬಾವಿಕಟ್ಟೆಯ ಮೇಲೆ ನಿಂತು ವಚನ ಹೇಳುತ್ತಿದ್ದರು. ಹಾಸಿಗೆಯಲ್ಲೇ ಕಣ್ಣುಮುಚ್ಚಿ ಕೇಳುತ್ತಾ ಬೆಳೆದವಳು. ಇವಳಷ್ಟು ಚೆನ್ನಾಗಿ ಕೇಳುವವರಿಲ್ಲ ಎಂದು ಬಂಧುಬಳಗವೆಲ್ಲ ಹೊಗಳುತ್ತಿತ್ತು. ಅವಳು ಮಾತಾಡಿದ್ದನ್ನು ಯಾರೂ ಹೊಗಳಿದ ನೆನಪಿಲ್ಲ.

ಆ ಸೋಮವಾರ ಮಾವನವರು ಇಸ್ತ್ರಿ ಮಾಡಿದ ಜುಬ್ಬ ಹಾಕಿಕೊಂಡು ಎಲ್ಲರನ್ನೂ ಹೊರಡಿಸಿದರು. ಹೆಂಗಸರ ಕಡೆ ಮೊದಲ ಸಾಲಿನಲ್ಲೇ ಜಾಗ ಸಿಕ್ಕಿತು. ವಚನ ಮುಗಿದ ಮೇಲೆ ವಿದ್ಯಾರ್ಥಿನಿಲಯದ ಮ್ಯಾನೇಜರು ಚೆಲುವರಾಜು ಮೈಕು ಹಿಡಿದರು. "ನಮ್ಮ ಮಠದ ಹಿರಿಯ ಭಕ್ತರಾದ ಶ್ರೀ ವೃಷಭೇಂದ್ರಪ್ಪನವರು ವಿದ್ಯಾರ್ಥಿನಿಲಯಕ್ಕೆ ಸ್ವಚ್ಛತಾ ಸಾಮಗ್ರಿಯ ಸೇವೆ ಸಲ್ಲಿಸಿದ್ದಾರೆ. ಪೂಜ್ಯರು ಅವರನ್ನು ಆಶೀರ್ವದಿಸಬೇಕು."

ವೇದಿಕೆಯ ಕೆಳಗೆ ಒಂಬತ್ತು ಬಿಳಿ ಕ್ಯಾನುಗಳು ಸಾಲಾಗಿ ಕೂತಿದ್ದವು. ಹೊಚ್ಚ ಹೊಸವು. ಒಂದೊಂದಕ್ಕೂ ವಿಭೂತಿಯ ಮೂರು ಗೆರೆ, ಕುತ್ತಿಗೆಗೆ ಒಂದೊಂದು ಚೆಂಡುಹೂವು.

ಪ್ರೇಮಲೀಲಾ ಒಂದು ಸಲ ಎಣಿಸಿದಳು. ಮತ್ತೆ ಎಣಿಸಿದಳು. ತೂತುಬಿದ್ದ ಪಂಚೆ ಕಣ್ಣ ಮುಂದೆ ಬಂತು. ಮಠದ ಸ್ವಾಮಿಗಳಾದ ಬುದ್ಧಿಯವರು ಬಾಗಿ ಮಾವನವರಿಗೆ ಕೆಂಪಂಚಿನ ಶಾಲು ಹೊದಿಸುತ್ತಿದ್ದರು. ಅವಳ ಮಂಡಿ ನೆಲ ಬಿಟ್ಟು ಮೇಲೆದ್ದಿತು. ಗಂಡಸರ ಕಡೆಯಿಂದ ಅಮರೇಶ್ ಅವಳನ್ನೇ ನೋಡುತ್ತಿದ್ದ. ಬೇಡವೆಂಬಂತೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದ. ಅವಳು ಕೂತಳು. ಎಲ್ಲರ ಜೊತೆ ಕೈಮುಗಿದಳು ಕೂಡ. ಬಾಗಿಲ ಹತ್ತಿರ ಕೆಲಸದವರ ಸಾಲಿನಲ್ಲಿ ಮಂಗಳಮ್ಮ ಸೆರಗು ಹೊದ್ದು ನಿಂತಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಮಾತು ಹೊತ್ತಿಕೊಂಡಿತು.

"ಹರೀಶ್‌ನ ಕೇಳ್ದೆ ಅಂದ್ರಲ್ಲ."

ಅಮರೇಶ್ ಷರ್ಟಿನ ಗುಂಡಿ ಬಿಚ್ಚುತ್ತಾ ನಿಂತ. "ಕೇಳೋಣ ಅಂತಿದ್ದೆ."

"ಗಾಡಿ ಬಂತು ಅಂದ್ರಿ."

"ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕೋನು ಕಣೇ ಅವನು. ಮೊನ್ನೆ ಮೊನ್ನೆ ನನ್ ಮೇಲೆ ತಂದು ಕೂರಿಸಿದಾರೆ. ಅವನ ಟೇಬಲ್ ಮುಂದೆ ನಿಂತು, ನಮ್ಮನೆ ಕಸ ಎತ್ಕೊಳಪ್ಪ ಅನ್ಲಾ. ಕ್ಯಾನು ಕಾಣ್ಲಿಲ್ಲ, ಅಪ್ಪ ಎಲ್ಲೋ ಸುರಿದಿರ್ಬೇಕು ಅಂತ ಸುಮ್ನಾದೆ."

ಪ್ರೇಮಲೀಲಾ ಮಾವನ ಕಡೆ ತಿರುಗಿದಳು. "ಬಿಳಿ ಕ್ಯಾನಿಗೆ ಯಾಕೆ ಹಾಕಿದ್ರಿ ಮಾವ?"

"ಮಠಕ್ಕೆ ಹಳೇ ಡಬ್ಬದಲ್ಲಿ ಕೊಡಕ್ಕಾಗುತ್ತಾ. ಒಂದರಲ್ಲಿ ಸಗಣಿ, ಒಂದರಲ್ಲಿ ಜೇಡರ ಬಲೆ. ಹೊಸದು ತಂದು ನಾನೇ ಕೂತು ಒಂದೊಂದಾಗಿ ಬಗ್ಗಿಸಿದೆ. ಎರಡು ದಿನ ಕಣ್ಣುರಿ. ಸೇವೆ ಅಂತ ತಡಕೊಂಡೆ."

"ಯಾವುದು ಕೆಂಪಿಂದು, ಯಾವುದು ನೀಲೀದು ಅಂತ ಗುರುತು ಇಟ್ಟಿದೀರಾ?"

"ವಿಭೂತಿ ಬಳಿದಿದೀನಲ್ಲ."

"ಎಲ್ಲಕ್ಕೂ ಬಳಿದಿದೀರಿ."

"ಎಲ್ಲಾನೂ ಮಠದ್ದೇ ಅಲ್ವೇನಮ್ಮ."

"ತಾತ," ಅಂದಳು ಲಾಸ್ಯ, "ಅದನ್ನ ಬಳಸೋದು ಮಂಗಳಮ್ಮ. ಒಂದರ ಮೇಲೆ ಇನ್ನೊಂದು ಹಾಕಿದ್ರೆ ಸತ್ತೋಗ್ತಾರೆ."

"ಅವಳಿಗೇನು ಹೊಸದಾ. ನಮ್ ಫಾರಮ್ಮಲ್ಲೇ ಕಲ್ತೋಳು."

"ನಾಳೆ ಬೆಳಗ್ಗೆ ಹೋಗಿ ವಾಪಸ್ ತರ್ತೀನಿ," ಅಂದಳು ಪ್ರೇಮಲೀಲಾ.

ವೃಷಭೇಂದ್ರಪ್ಪನವರು ಶಾಲನ್ನು ಮಡಿಸಿ ಕುರ್ಚಿಯ ಮೇಲಿಟ್ಟರು. ದನಿ ಏರಿಸಲಿಲ್ಲ. "ಬುದ್ಧಿಯೋರ ಕೈಯಲ್ಲಿ ಶಾಲು ಹೊದಿಸ್ಕೊಂಡು ಬಂದಿದೀನಿ. ನಾಳೆ ಸೊಸೆ ಹೋಗಿ, ಕೊಟ್ಟ ದಾನ ವಾಪಸ್ ಕೊಡಿ ಅಂತಾಳೆ. ಹೋಗಮ್ಮ. ಹೋಗ್ ಬಾ. ನೀನು ಆ ಬಾಗಿಲು ದಾಟಿದ್ ಮೇಲೆ ಈ ಮನೇಲಿ ನಾನು ಒಂದು ತುತ್ತು ಮುಟ್ಟಲ್ಲ."

ಅವಳು ದಾಟುವವರೆಗೂ ಅವರು ಕಾಯಲಿಲ್ಲ. ಆ ರಾತ್ರಿಯೇ ತಟ್ಟೆ ಸರಿಸಿದರು. ಸಕ್ಕರೆ ಕಾಯಿಲೆಯ ಮನುಷ್ಯ. ಮಂಗಳವಾರ ಬೆಳಗ್ಗೆ ರೊಟ್ಟಿ ಬೇಡವೆಂದರು, ಮಧ್ಯಾಹ್ನ ಅನ್ನ ಬೇಡವೆಂದರು. ಮಾತ್ರೆಯನ್ನೂ ಬೇಡವೆಂದರು. ಕುರ್ಚಿಯಲ್ಲಿ ಬೆವರುತ್ತಾ ಕೂತವರ ಮುಂದೆ ಅಮರೇಶ್ ಹಾಲಿನ ಲೋಟ ಹಿಡಿದು ನಿಂತು ಹೆಂಡತಿಯನ್ನು ನೋಡಿದ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ನಿನ್ನನ್ನೇ ಅನ್ನೋದು."

ಪ್ರೇಮಲೀಲಾ ಅಡಿಗೆಮನೆಯಲ್ಲಿ ನಿಂತು ಚೆಲುವರಾಜುವಿಗೆ ಫೋನು ಮಾಡಿದಳು. "ಸ್ವಾಮಿ, ಆ ಕ್ಯಾನು ಯಾರೂ ಮುಟ್ಟೋದು ಬೇಡ. ಅದರಲ್ಲಿ ಎರಡು ಥರ ಇದೆ, ಬೆರೆತ್ರೆ ಅಪಾಯ."

"ಆಗ್ಲಿ ಬಿಡಿ ಅಮ್ಮ, ಸ್ಟೋರಲ್ಲೇ ಇದೆ, ಹೇಳ್ತೀನಿ," ಅಂದರು ಅವರು. ಹಿಂದೆ ಯಾರೋ ಅವರನ್ನು ಕರೆಯುತ್ತಿದ್ದರು.

ಮಂಗಳಮ್ಮನಿಗೇ ಹೇಳಿಬಿಡೋಣವೆಂದರೆ ಅವಳ ನಂಬರು ಮನೆಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಏಳು ವರ್ಷದಲ್ಲಿ ಬೇಕಾಗಿರಲಿಲ್ಲ. ಕೊಡುವುದಿದ್ದರೆ ಮಠದಲ್ಲಿ ಹೇಳಿದರೆ ಸಾಕು, ಅವಳೇ ಬರುತ್ತಿದ್ದಳು.

"ನಾನು ಹೋಗ್ಲಾ ಅಮ್ಮ," ಅಂದಳು ಲಾಸ್ಯ.

"ಬೇಡ. ತಾತನಿಗೆ ಗೊತ್ತಾಗುತ್ತೆ. ಚೆಲುವರಾಜು ಹೇಳ್ತಾರಂತೆ."

"ಹೇಳದೇ ಇದ್ರೆ?"

"ಹೇಳ್ತಾರೆ ಅಂದೆನಲ್ಲ."

ಬುಧವಾರ ಮಧ್ಯಾಹ್ನ ಅವಳು ಮಾವನ ಮುಂದೆ ನೆಲದ ಮೇಲೆ ಕೂತು, ಹೋಗುವುದಿಲ್ಲ ಎಂದು ಮಾತು ಕೊಟ್ಟಳು. ಅವರು ಎರಡು ಮುದ್ದೆ ಉಂಡರು. ಅವರೆಕಾಳು ಸಾರಿಗೆ ಉಪ್ಪು ಸ್ವಲ್ಪ ಮುಂದಾಗಿದೆ ಅಂದರು.

ಗುರುವಾರ ಬೆಳಗ್ಗೆ ಹತ್ತೂವರೆಗೆ ಮಠದಿಂದ ಫೋನು ಬಂತು.

ನಡೆದದ್ದು ಇಷ್ಟು. ಚೆಲುವರಾಜು ಹೇಳುವುದನ್ನು ಮರೆತಿದ್ದರು. ಹಬ್ಬಕ್ಕೆ ಅತಿಥಿಗಳು ಬರುತ್ತಾರೆಂದು ಬಚ್ಚಲುಗಳನ್ನು ಚೆನ್ನಾಗಿ ಉಜ್ಜಲು ಹೇಳಿ, ಎರಡು ಕ್ಯಾನು ತೆಗೆದುಕೊಟ್ಟು, ಹೊಸ ಫಿನಾಯಿಲು ಎಂದಿದ್ದರು. ಮಂಗಳಮ್ಮ ಮೊದಲನೆಯದರಿಂದ ನೆಲಕ್ಕೆಲ್ಲ ಸುರಿದು ಉಜ್ಜಿದಳು. ಕಲೆ ಹೋಗಲಿಲ್ಲ. ಅದು ಮುಗಿದಾಗ ಎರಡನೆಯದನ್ನು ಸುರಿದಳು. ಅದೇ ಬಿಳಿ ಕ್ಯಾನು, ಅದೇ ಮೂರು ಗೆರೆ. ಚಳಿಗೆ ಬಚ್ಚಲಿನ ಕಿಟಕಿ ಮುಚ್ಚಿತ್ತು. ರಟ್ಟೆ ಹಿಡಿದು ಹೊರಗೆಳೆಯಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಅಡಿಗೆಯವರು ಕೆಮ್ಮು ಕೇಳಿ ಬಾಗಿಲು ನೂಕುವ ಹೊತ್ತಿಗೆ ಅವಳು ಬಾಗಿಲಿಗೆ ಅಡ್ಡಲಾಗಿ ಬಿದ್ದಿದ್ದಳು.

ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ದಿನ. ಖರ್ಚು ಮಠದ್ದು. ಜೀವ ಉಳಿಯಿತು.

ಪೊಲೀಸರು ಬರಲಿಲ್ಲ. ಬರುವ ಹಾಗೆ ಯಾರೂ ಮಾಡಲಿಲ್ಲ. "ಯಾರಾದ್ರೂ ಕೇಳಿದ್ರೆ, ಕೊಟ್ಟಿದ್ದು ಒಳ್ಳೇದೇ, ಬಳಸೋದ್ರಲ್ಲಿ ತಪ್ಪಾಯ್ತು ಅನ್ನು," ಅಂದ ಅಮರೇಶ್. ಯಾರೂ ಕೇಳಲಿಲ್ಲ.

ಶನಿವಾರ ಒಂದು ಲಗೇಜ್ ಆಟೋ ಮನೆ ಮುಂದೆ ನಿಂತು ಏಳು ಬಿಳಿ ಕ್ಯಾನು ಇಳಿಸಿತು. ಚೆಂಡುಹೂಗಳು ಒಣಗಿದ್ದವು. ಚೆಲುವರಾಜು ಕಳಿಸಿದ್ದ ಚೀಟಿಯಲ್ಲಿ 'ಬಳಕೆಗೆ ಯೋಗ್ಯವಲ್ಲದ ಕಾರಣ ವಾಪಸು' ಎಂದಷ್ಟೇ ಇತ್ತು.

ವೃಷಭೇಂದ್ರಪ್ಪನವರು ಜಗಲಿಯಲ್ಲಿ ನಿಂತು ನೋಡಿದರು. "ಒಬ್ಬಳಿಗೆ ಹುಷಾರು ತಪ್ಪಿದ್ದಕ್ಕೆ ಎಲ್ಲಾನೂ ವಾಪಸ್ ಕಳಿಸೋದಾ. ಮುಖಕ್ಕೆ ಹೊಡೆದಂಗೆ."

ಲಾಸ್ಯ ಒಳಗಿನಿಂದ ಬಂದು ತಾತನನ್ನು ನೋಡಿದಳು, ಸ್ಕೂಟರು ತೆಗೆದುಕೊಂಡು ಆಸ್ಪತ್ರೆಗೆ ಹೋದಳು. ಆ ಹನ್ನೆರಡು ದಿನದಲ್ಲಿ ಮನೆಯಿಂದ ಆಸ್ಪತ್ರೆಗೆ ಹೋಗುತ್ತಿದ್ದವಳು ಅವಳೊಬ್ಬಳೇ.

ಪ್ರೇಮಲೀಲಾ ಆವತ್ತೇ ಹರೀಶನ ನಂಬರನ್ನು ಗಂಡನ ಫೋನಿನಿಂದ ತೆಗೆದು ತಾನೇ ಮಾತಾಡಿದಳು. ಮೇಲಿನವರಿಗೆ ಬರೆದು ಒಪ್ಪಿಗೆ ತೆಗೆದುಕೊಳ್ಳುತ್ತೇನೆ, ಆದರೆ ಯಾವ ಕ್ಯಾನಿನಲ್ಲಿ ಯಾವುದಿದೆ ಎಂದು ತಿಳಿಯದೆ ಗಾಡಿಗೆ ಹತ್ತಿಸುವ ಹಾಗಿಲ್ಲ ಎಂದ ಹರೀಶ್. ಅವಳು ರಬ್ಬರು ಕೈಗವಸು ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿ, ಅಂಗಳದ ಗಾಳಿಯಲ್ಲಿ ಕ್ಯಾನುಗಳನ್ನು ದೂರ ದೂರ ಇಟ್ಟಳು. ಒಳಗಿನಿಂದ ಅರಿಶಿನದ ಡಬ್ಬಿ ತಂದು, ಹಳೆಯ ಪಂಚೆಯ ಏಳು ಚೂರಿಗೆ ಅರಿಶಿನ ಕಲಸಿ ಬಳಿದಳು. ಒಂದೊಂದು ಕ್ಯಾನಿಗೂ ಬೇರೆ ಬೇರೆ ಕಡ್ಡಿ ಅದ್ದಿ ಒಂದೊಂದು ಚೂರಿಗೆ ತೊಟ್ಟಿಕ್ಕಿಸಿದಳು. ಆರತಿಗೆ ಅರಿಶಿನ ಸುಣ್ಣ ಕಲಸಿ ಗೊತ್ತಿರುವ ಯಾವ ಹೆಂಗಸಿಗೂ ಇದು ಹೊಸದಲ್ಲ. ಮೂರು ಚೂರು ಕೆಂಪಾಗಿ, ನೋಡನೋಡುತ್ತಾ ಬಿಳಿಚಿಕೊಂಡವು. ಅದು ನೀಲಿ ಕ್ಯಾನಿನದು. ನಾಲ್ಕು ಹಳದಿಯಾಗಿಯೇ ಉಳಿದವು. ಅದು ಕೆಂಪು ಕ್ಯಾನಿನದು. ಲಾಸ್ಯಳ ಬಣ್ಣದಿಂದ ಕ್ಯಾನುಗಳ ಮೇಲೆ ಕೆಂಪು, ನೀಲಿ ಎಂದು ದೊಡ್ಡದಾಗಿ ಬರೆದಳು. ವಿಭೂತಿಯ ಗೆರೆಗಳ ಮೇಲೆಯೇ ಬರೆದಳು.

ಎಲ್ಲ ಸೇರಿ ಕಾಲು ಗಂಟೆಯ ಕೆಲಸ. ಸೋಮವಾರ ರಾತ್ರಿ, ಇಲ್ಲವೇ ಮಂಗಳವಾರ, ಇಲ್ಲವೇ ಬುಧವಾರ ಮಾಡಬಹುದಾಗಿದ್ದ ಕೆಲಸ.

ನಾಲ್ಕು ದಿನ ಬಿಟ್ಟು ಹರೀಶ್ ತಾನೇ ಗಾಡಿಯ ಜೊತೆ ಬಂದ. ತೆಳ್ಳಗಿನ, ಮೆತ್ತಗೆ ಮಾತಾಡುವ ಯುವಕ. ಕೆಂಪನ್ನು ಒಂದು ಪೆಟ್ಟಿಗೆಗೆ, ನೀಲಿಯನ್ನು ಇನ್ನೊಂದು ಪೆಟ್ಟಿಗೆಗೆ ಮರಳು ಹಾಕಿ ಇಡಿಸಿದ. ಫಾರಮ್ಮಿನ ಕೊಟ್ಟಿಗೆಯ ಹಿಂದೆ ಉಳಿದಿದ್ದ ಖಾಲಿ ಕ್ಯಾನುಗಳನ್ನೂ ಬಿಡದೆ ತರಿಸಿಕೊಂಡ. ಟೀ ಕುಡಿಯುತ್ತಾ ಅಮರೇಶನಿಗೆ ಹೇಳಿದ. "ಒಂದು ಮಾತು ಹೇಳಿದ್ರೆ ಸಾಕಿತ್ತು ಸರ್. ಹೋದ ತಿಂಗಳು ಹದಿನೆಂಟಕ್ಕೇ ಗಾಡಿ ಬಂದಿತ್ತು, ಅರ್ಧ ಖಾಲೀನೇ ಹೋಯ್ತು. ನೀವು ಹಿರಿಯರು. ನೀವು ಕೇಳಿದ್ರೆ ಇಲ್ಲ ಅಂತಿದ್ನಾ."

ಅಮರೇಶ್ ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆಗೆ ಸರಿಸಿದ.

ಸಂಕ್ರಾಂತಿ ಬಂತು. ಮಂಗಳಮ್ಮ ಅಶೋಕಪುರಂನ ತನ್ನ ಮನೆಗೆ ವಾಪಸು ಬಂದಿದ್ದಾಳೆ ಎಂದು ಲಾಸ್ಯ ಹೇಳಿದಳು. ಪ್ರೇಮಲೀಲಾ ಎಳ್ಳುಬೆಲ್ಲ ಕಟ್ಟಿಕೊಂಡು, ಕಿತ್ತಳೆಹಣ್ಣು ಇಟ್ಟುಕೊಂಡು ಹೊರಟಳು. ಮಾವನವರು ಕುರ್ಚಿಯಿಂದ ಎದ್ದು ಒಳಗೆ ಹೋಗಿ, ಕೆಂಪಂಚಿನ ಶಾಲು ತಂದು ಅವಳ ಚೀಲದಲ್ಲಿಟ್ಟರು.

"ಚಳಿ ದಿನ. ಎದೆಗೆ ಬೆಚ್ಚಗಿರುತ್ತೆ. ನಾನು ಕೊಟ್ಟೆ ಅಂತ ಹೇಳು."

ಅವರ ಮುಖದಲ್ಲಿ ನಿಜವಾದ ಕನಿಕರವಿತ್ತು. ಪ್ರೇಮಲೀಲಾ ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದಳು.

ಒಂದೇ ಕೋಣೆಯ ಮನೆ. ಗೋಡೆಯಲ್ಲಿ ಅಂಬೇಡ್ಕರರ ಪಟ, ಅದರ ಪಕ್ಕದಲ್ಲಿ ಬುದ್ಧ. ಮಂಗಳಮ್ಮ ಗೋಡೆಗೆ ಎರಡು ದಿಂಬು ಒರಗಿಸಿಕೊಂಡು ಕೂತಿದ್ದಳು. ಮಗಳು ಐಶ್ವರ್ಯ ಬಟ್ಟೆ ಅಂಗಡಿಗೆ ರಜೆ ಹಾಕಿ ಮನೆಯಲ್ಲಿದ್ದಳು. ಚಾಪೆ ಹಾಸಿದಳು.

ಫಾರಮ್ಮಿನಲ್ಲಿ ಮಂಗಳಮ್ಮ ಹಾಡದಿದ್ದರೆ ಎರಡು ಹಸು ಸೊರ ಬಿಟ್ಟು ಹಾಲಿಳಿಸುತ್ತಿರಲಿಲ್ಲ. ಆ ದನಿ ಕೊಟ್ಟಿಗೆ ದಾಟಿ ರಸ್ತೆಯವರೆಗೂ ಕೇಳುತ್ತಿತ್ತು. ಈಗ ಬಾಯಿಂದ ಬಂದದ್ದು ಒಣಗಿದ ಎಲೆಯನ್ನು ಎಳೆದ ಸದ್ದು.

"ಸೊಂಟ ಎಂಗಿದೆ ಅಮ್ಮಾವ್ರೆ."

"ನನ್ನದಿರ್ಲಿ ಮಂಗಳ. ನಿನ್ನದು ಹೇಳು."

"ನಾಲ್ಕು ಹೆಜ್ಜೆ ಹಾಕಿದ್ರೆ ಉಸ್ರು ಸಿಕ್ಕಲ್ಲ," ಅಂದಳು ಐಶ್ವರ್ಯ ತಾಯಿಯ ಬದಲಿಗೆ. "ಇನ್ನು ಕೆಲಸ ಆಗಲ್ಲ ಅಂದಿದಾರೆ ಡಾಕ್ಟ್ರು."

ಪ್ರೇಮಲೀಲಾ ಎಳ್ಳಿನ ಪೊಟ್ಟಣ ಮುಂದಿಟ್ಟಳು. ಐಶ್ವರ್ಯ ಅದನ್ನು ಹಾಗೇ ಹಿಂದಕ್ಕೆ ತಳ್ಳಿದಳು. "ಒಣಗಿದ್ದು ಗಂಟಲಲ್ಲಿ ಇಳಿಯಲ್ಲ ಅವ್ವಂಗೆ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಪ್ರೇಮಲೀಲಾ ಒಂದೊಂದಾಗಿ ಹೇಳಿದಳು. ಮಾವನವರು ತಿಳಿಯದೆ ಮಾಡಿದ್ದು. ಬಣ್ಣದ ಕ್ಯಾನು ಬದಲಾಯಿಸಿದ್ದೇ ತಪ್ಪಾಯಿತು. ಚೆಲುವರಾಜುವಿಗೆ ಫೋನು ಮಾಡಿದ್ದೆ, ಅವರು ಮರೆತರು.

ಮಂಗಳಮ್ಮ ಕೇಳಿಸಿಕೊಂಡಳು. ಮಧ್ಯೆ ಎರಡು ಸಲ ಕೆಮ್ಮಿದಳು. ಆಮೇಲೆ ಹೇಳಿದಳು.

"ಕೆಂಪು ನೀಲಿ ಇದ್ದಿದ್ರೆ ನಂಗೂ ತಿಳೀತಿತ್ತು. ಬಿಳೀದು. ಮಠದ್ದು ಅಂದ್ರು." ಉಸಿರಿಗೆ ನಿಂತಳು. "ಒಂದು ಕೇಳ್ಲಾ. ಸೋಮವಾರ ಮಠದಲ್ಲಿ ಯಜಮಾನ್ರಿಗೆ ಶಾಲು ಹೊದಿಸ್ತಾ ಇದ್ರಲ್ಲ. ನೀವು ಮುಂದಿನ ಸಾಲಲ್ಲಿದ್ರಿ."

"ಇದ್ದೆ."

"ಕ್ಯಾನು ನೋಡಿ ನೀವು ಅರ್ಧ ಎದ್ರಿ. ನಾನು ಬಾಗಿಲಿಂದ ನೋಡ್ತಾನೇ ಇದ್ದೆ. ಆಮೇಲೆ ಕೂತ್ಕೊಂಡ್ರಿ."

ಪ್ರೇಮಲೀಲಾ ಚಾಪೆಯ ಅಂಚನ್ನು ನೋಡಿದಳು.

"ಯಾಕ್ ಎದ್ರು, ಯಾಕ್ ಕೂತ್ರು ಅಂತ ಆವತ್ತು ತಿಳೀಲಿಲ್ಲ ನಂಗೆ. ಆಸ್ಪತ್ರೇಲಿ ತಿಳೀತು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾಗುವಷ್ಟು ಉಸಿರು ಉಳಿದಿರಲಿಲ್ಲ. "ಆ ಚೀಲ್ದಲ್ಲಿ ಏನೈತೆ."

ಹಣ್ಣು ತೆಗೆಯುವಾಗ ಶಾಲಿನ ಕೆಂಪಂಚು ಹೊರಗೆ ಬಂತು. ಮಂಗಳಮ್ಮ ಅದನ್ನು ಗುರುತಿಸಿದಳು.

"ವಾಪಸ್ ತಗೊಂಡೋಗಿ ಅಮ್ಮಾವ್ರೆ. ಹಣ್ಣೂವೇ. ನಿಮ್ಮನೆಯಿಂದ ಇನ್ನೇನೂ ಬ್ಯಾಡ ನಮಗೆ. ಹಳೇ ಸೀರೆಗೆ ಅಂತ ಹೇಳಿಕಳಿಸ್ಬ್ಯಾಡಿ."

ಐಶ್ವರ್ಯ ಎದ್ದು ಬಾಗಿಲು ಅಗಲಕ್ಕೆ ತೆರೆದಳು.

ಪ್ರೇಮಲೀಲಾ ಕೆಸರೆಗೆ ಬಂದಾಗ ಸಂಜೆ ದೀಪ ಹಚ್ಚುವ ಹೊತ್ತು. ವೃಷಭೇಂದ್ರಪ್ಪನವರು ಪೂಜೆ ಮುಗಿಸಿ ಊಟದ ಜಾಗದಲ್ಲಿ ಕೂತಿದ್ದರು. ಅಮರೇಶ್, ಲಾಸ್ಯ ಇನ್ನೂ ಕೈ ತೊಳೆಯುತ್ತಿದ್ದರು. ತುಂಬಿದ ಚೀಲ ಹಾಗೇ ವಾಪಸು ಬಂದದ್ದನ್ನು ಹಿರಿಯರು ಕಂಡರು.

"ತಗೊಳ್ಳಲಿಲ್ವಾ?"

"ಇಲ್ಲ."

"ಹೋಗ್ಲಿ ಬುಡು. ಒಳ್ಳೇ ಶಾಲು. ಬೇರೆ ಯಾರಿಗಾದ್ರೂ ಕೊಟ್ರಾಯ್ತು."

ಪ್ರೇಮಲೀಲಾ ಅವರ ಎದುರಿನ ಗೋಡೆಯ ಮೊಳೆಯಿಂದ ಹಳೇ ವರ್ಷದ ಕ್ಯಾಲೆಂಡರು ತೆಗೆದಳು. ಶಾಲನ್ನು ಬಿಡಿಸಿ, ಕೆಂಪಂಚು ಕಾಣುವ ಹಾಗೆ ಅದೇ ಮೊಳೆಗೆ ತೂಗುಹಾಕಿದಳು.

"ಇದನ್ನ ಯಾರಿಗೂ ಕೊಡಲ್ಲ ಮಾವ. ಇಲ್ಲೇ ಇರುತ್ತೆ."

"ಅಲ್ಲಿ ಯಾಕಮ್ಮ. ಉಣ್ಣುವಾಗ ಕಣ್ಣಿಗೆ ಅಡ್ಡ ಬರುತ್ತೆ."

"ಬರ್ಲಿ," ಅಂದಳು. ಅಡಿಗೆಮನೆಗೆ ಹೋಗಿ ಮುದ್ದೆ ತಂದು ಅವರ ತಟ್ಟೆಗೆ ಹಾಕಿದಳು. ಸಾರು ಬಡಿಸಿದಳು. ಅವರು ತುತ್ತು ಮುರಿದು ತಲೆಯೆತ್ತಿದರು, ಮತ್ತೆ ತಗ್ಗಿಸಿದರು. ಅವಳು ಸೌಟು ಹಿಡಿದುಕೊಂಡು ಅಲ್ಲೇ ನಿಂತಳು.